ಮಾಂಸ ಬಿಟ್ಟೆವು, ಮೆನು ಬಿಡಲಿಲ್ಲ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪುರವಣಿಯ ಅಡುಗೆ ಪುಟದಲ್ಲಿ ಈ ಸಲ ಕ್ರೈಸ್ತರ ತಪಸ್ಸುಕಾಲಕ್ಕೆಂದೇ ಮಾಂಸವಿಲ್ಲದ ಅಡುಗೆಗಳನ್ನು ಕೊಟ್ಟಿದ್ದೀರಿ. ನಮ್ಮನ್ನೂ ನೆನಪಿಟ್ಟುಕೊಂಡಿರಲ್ಲ ಅಂತ ಖುಷಿಯಾಯಿತು. ಆದರೆ ಪನೀರು, ಕ್ರೀಮು, ಗೋಡಂಬಿ ಪೇಸ್ಟು, ಮೇಲಿಂದ ಚೀಸ್ ತುರಿ, ಕೊನೆಗೆ ಬೆಣ್ಣೆಯಲ್ಲಿ ಹುರಿದ ಸಿಗಡಿ, ಇಷ್ಟನ್ನೆಲ್ಲ ಓದಿದ ಮೇಲೆ ಇದು ತಪಸ್ಸುಕಾಲದ ಅಡುಗೆಯೋ ಮದುವೆ ಮುಂಚಿನ ರೋಸ್ ಊಟದ ಪಟ್ಟಿಯೋ ಅಂತ ಅನುಮಾನ ಬಂತು. ನಿಮ್ಮನ್ನು ದೂರುತ್ತಿಲ್ಲ. ನಮ್ಮ ಮನೆಗಳಲ್ಲಿ ನಡೆಯುತ್ತಿರುವುದೂ ಹೆಚ್ಚು ಕಡಿಮೆ ಇದೇ, ಕಂಡದ್ದನ್ನು ನೀವು ಅಚ್ಚು ಹಾಕಿದ್ದೀರಿ ಅಷ್ಟೇ. ಹಾಗಾಗಿ ಈ ಪತ್ರ ಅರ್ಧ ನಿಮಗೆ, ಅರ್ಧ ನಮ್ಮವರಿಗೆ.

ಗೊತ್ತಿಲ್ಲದವರಿಗಾಗಿ ಎರಡು ಮಾತು. ತಪಸ್ಸುಕಾಲ ಅಂದರೆ ಈಸ್ಟರ್‌ಗೆ ಮುಂಚಿನ ನಲವತ್ತು ದಿನ, ಭಾನುವಾರಗಳು ಲೆಕ್ಕಕ್ಕಿಲ್ಲ. ಈ ವರ್ಷ, ಅಂದರೆ 2026ರಲ್ಲಿ, ಫೆಬ್ರವರಿ 18ರ ಬೂದಿ ಬುಧವಾರ ಶುರುವಾಯಿತು, ಏಪ್ರಿಲ್ 5ಕ್ಕೆ ಈಸ್ಟರ್. ಕಥೊಲಿಕರಿಗೆ ಕಟ್ಟುನಿಟ್ಟಾದ ಉಪವಾಸ ಇರುವುದು ಎರಡೇ ದಿನ: ಬೂದಿ ಬುಧವಾರ ಮತ್ತು ಶುಭ ಶುಕ್ರವಾರ. ಆ ದಿನ 18ರಿಂದ 59 ವರ್ಷದವರು ಒಂದು ಹೊತ್ತು ಹೊಟ್ಟೆ ತುಂಬ ಉಣ್ಣಬಹುದು, ಬೇಕಾದರೆ ಇನ್ನೆರಡು ಹೊತ್ತು ಸ್ವಲ್ಪ ಸ್ವಲ್ಪ. ಮಾಂಸ ಬಿಡುವ ನಿಯಮ 14 ವರ್ಷ ತುಂಬಿದ ಎಲ್ಲರಿಗೂ ಇದೆ, ಅದು ತಪಸ್ಸುಕಾಲದ ಶುಕ್ರವಾರಗಳಿಗೂ ಸೇರಿ. ನಲವತ್ತೂ ದಿನ ಮಾಂಸ, ಮದ್ಯ ಮುಟ್ಟದವರು ನಮ್ಮ ಕಡೆ ತುಂಬ ಜನ ಇದ್ದಾರೆ, ಅದು ಅವರವರ ಮನಸ್ಸಿಗೆ ಬಿಟ್ಟದ್ದು.

ಮೀನು ಮಾತ್ರ ಮಾಂಸದ ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ಕರಾವಳಿಯವರ ಜಾಣತನ ಇಲ್ಲಿಂದಲೇ ಶುರು. ಶುಕ್ರವಾರ ಕೋಳಿ ಬಿಟ್ಟಿದ್ದೇವೆ ಅಂತ ಅಂಜಲ್ ತರುತ್ತೇವೆ, ಮಾಂಜಿ ತರುತ್ತೇವೆ, ರವೆ ಹೊರಳಿಸಿ ಫ್ರೈ ಮಾಡುತ್ತೇವೆ, ಮಾರುಕಟ್ಟೆಯಲ್ಲಿ ಕೋಳಿಗಿಂತ ಎಷ್ಟೋ ಪಾಲು ಜಾಸ್ತಿ ದುಡ್ಡು ಎಣಿಸಿ, ಚೌಕಾಸಿ ಮಾಡಿ, ದೊಡ್ಡ ತುಂಡು ಯಾರ ತಟ್ಟೆಗೆ ಬಿತ್ತು ಅಂತ ನೋಡಿ, ಆಮೇಲೆ ಸಂಜೆ ಚರ್ಚಿನಲ್ಲಿ ಶಿಲುಬೆಯ ಹಾದಿ ಪ್ರಾರ್ಥನೆಗೆ ಹೋಗುತ್ತೇವೆ. ನಿಯಮ ಮುರಿದಿಲ್ಲ, ನಿಜ. ಈ ಸಲ ರಂಜಾನ್ ಉಪವಾಸವೂ ಅದೇ ವಾರ ಶುರುವಾಗಿತ್ತು. ಪಕ್ಕದ ಮನೆಯವರು ಈ ಸೆಖೆಯಲ್ಲಿ ಹಗಲೆಲ್ಲ ಗುಟುಕು ನೀರೂ ಕುಡಿಯದೆ ಇರುವಾಗ ನಮ್ಮ ಮನೆಯಿಂದ ಅಂಜಲ್ ಹುರಿದ ವಾಸನೆ ಗೋಡೆ ದಾಟಿ ಹೋಗುವುದಕ್ಕೆ ಉಪವಾಸ ಅಂತ ಹೆಸರಿಡಲು ನನಗಂತೂ ನಾಚಿಕೆ.

ಹಾಗಾದರೆ ಅಗ್ಗದ ಬೂತಾಯಿ ತಿಂದರೆ ಸರಿಯಾ, ಅಂಜಲ್ ತಿಂದರೆ ತಪ್ಪಾ ಅಂತ ಕೇಳಬೇಡಿ. ನನ್ನ ತಕರಾರು ಮೀನಿನ ಮೇಲಲ್ಲ. ತಪಸ್ಸುಕಾಲ ಬಂತೆಂದರೆ ನಮ್ಮ ಮನೆಗಳಲ್ಲಿ ಊಟದ ಯೋಚನೆ ಕಮ್ಮಿ ಆಗಬೇಕಿತ್ತು, ಜಾಸ್ತಿ ಆಗಿದೆ. ಮಾಂಸ ಇಲ್ಲದೆ ಏನು ಮಾಡೋದು, ಅದಕ್ಕೆ ಬದಲು ಯಾವುದು, ಈ ಭಾನುವಾರ ಸಡಿಲಿಕೆ ಇದೆಯಾ, ಈಸ್ಟರ್ ದಿನ ಹಂದಿಯೋ ಕುರಿಯೋ. ತಟ್ಟೆಯಲ್ಲಿ ಇಲ್ಲದ ಮಾಂಸ ತಲೆಯಲ್ಲಿ ಮೂರು ಹೊತ್ತೂ ಬೇಯುತ್ತಿರುತ್ತದೆ.

ಯೇಸು ಈ ವಿಷಯದಲ್ಲಿ ಎಷ್ಟು ಖಡಾಖಂಡಿತವಾಗಿ ಮಾತಾಡಿದ್ದಾರೆ ಅಂದರೆ, ನಾವು ಅದನ್ನು ಕೇಳಿಸಿಕೊಳ್ಳದಂತೆ ಇರುವುದೇ ಆಶ್ಚರ್ಯ. ಬೈಬಲಿನಲ್ಲಿ ಮಾರ್ಕನ ಶುಭಸಂದೇಶ 7ನೇ ಅಧ್ಯಾಯ ತೆಗೆದು ನೋಡಿ. ಬಾಯಿಂದ ಒಳಗೆ ಹೋಗುವುದು ಹೊಟ್ಟೆಗೆ ಹೋಗಿ ಹೊರಬೀಳುತ್ತದೆ, ಅದರಿಂದ ಮನುಷ್ಯ ಕೆಡುವುದಿಲ್ಲ. ಒಳಗಿಂದ, ಹೃದಯದಿಂದ ಹೊರಡುವುದೇ ಅವನನ್ನು ಕೆಡಿಸುವುದು. ಹಾಗೆ ಹೊರಡುವುದರಲ್ಲಿ ಅವರು ಮೊದಲು ಹೇಳುವುದೇ ಕೆಟ್ಟ ಯೋಚನೆಗಳನ್ನು, ಕಳ್ಳತನ ಕೊಲೆ ಎಲ್ಲ ಆಮೇಲೆ. ಪ್ರತಿ ಭಾನುವಾರ ಪೂಜೆಯ ಶುರುವಿನಲ್ಲಿ ಎದೆ ತಟ್ಟಿಕೊಂಡು ಪಾಪ ಒಪ್ಪಿಕೊಳ್ಳುವಾಗಲೂ ನಾವು ಮೊದಲು ಹೇಳುವುದು ಯೋಚನೆಯ ಪಾಪ, ಆಮೇಲೆ ಮಾತು, ಆಮೇಲೆ ಕೆಲಸ. ಬಾಯಿಪಾಠ ಆಗಿಬಿಟ್ಟಿದೆ, ಅದಕ್ಕೇ ಇರಬೇಕು ತಲೆಗೆ ಹೋಗುವುದಿಲ್ಲ.

ಈ ಊಟ ಮತ್ತು ಯೋಚನೆಯ ನಂಟನ್ನು ಕೂಲಂಕಷವಾಗಿ ನೋಡಿದವರು 4ನೇ ಶತಮಾನದ ಈಜಿಪ್ಟ್ ಮರುಭೂಮಿಯ ಸನ್ಯಾಸಿಗಳು. ಅವರಲ್ಲಿ ಎವಾಗ್ರಿಯಸ್ ಅಂತ ಒಬ್ಬರಿದ್ದರು. ಈಗಿನ ತುರ್ಕಿಯ ಕಪ್ಪು ಸಮುದ್ರದ ಕಡೆಯವರು. ಕಾನ್‌ಸ್ಟಾಂಟಿನೋಪಲ್‌ನಲ್ಲಿ ಒಳ್ಳೆಯ ಬೋಧಕ ಅಂತ ಹೆಸರು ಮಾಡಿದ್ದರು, ಅಷ್ಟರಲ್ಲಿ ಮದುವೆಯಾದ ಹೆಂಗಸೊಬ್ಬಳ ಮೇಲೆ ಮನಸ್ಸು ಬಿದ್ದು, ಇನ್ನು ಇಲ್ಲಿದ್ದರೆ ಉಳಿಗಾಲವಿಲ್ಲ ಅಂತ ಊರು ಬಿಟ್ಟು ಜೆರುಸಲೇಮಿಗೆ, ಅಲ್ಲಿಂದ ಈಜಿಪ್ಟಿಗೆ ಹೋದರು. 399ರಲ್ಲಿ ಅಲ್ಲೇ ತೀರಿಕೊಂಡರು. ಅವರ ಬೇರೆ ಕೆಲವು ವಿಚಾರಗಳನ್ನು ಧರ್ಮಸಭೆ ಮುಂದೆ ತಿರಸ್ಕರಿಸಿತು, ಅದು ಬೇರೆ ಕಥೆ. ಆದರೆ ಮನುಷ್ಯನನ್ನು ಕಾಡುವ ಎಂಟು ಯೋಚನೆಗಳು ಅಂತ ಅವರು ಮಾಡಿದ ಪಟ್ಟಿ ಉಳಿಯಿತು. ಇನ್ನೂರು ವರ್ಷದ ಮೇಲೆ ಪೋಪ್ ಗ್ರೆಗೊರಿ ಅದನ್ನು ತಿದ್ದಿದ್ದರಿಂದಲೇ ನಾವು ಧರ್ಮೋಪದೇಶದ ತರಗತಿಯಲ್ಲಿ ಕಲಿತ ಏಳು ಮಹಾಪಾಪಗಳು ಬಂದದ್ದು. ಗಮನಿಸಿ, ಎವಾಗ್ರಿಯಸ್ ಅದನ್ನು ಪಾಪಗಳು ಅನ್ನಲಿಲ್ಲ, ಯೋಚನೆಗಳು ಅಂದರು. ಮತ್ತು ಪಟ್ಟಿಯ ಮೊದಲಲ್ಲೇ ಇಟ್ಟದ್ದು ಹೊಟ್ಟೆಬಾಕತನವನ್ನು.

ಇಲ್ಲೇ ಇರುವುದು ಸ್ವಾರಸ್ಯ. ಹೊಟ್ಟೆಬಾಕತನದ ಯೋಚನೆ ಅಂದರೆ ಲಾಡು ಜಿಲೇಬಿ ಕಣ್ಣ ಮುಂದೆ ಬರುವುದು ಅಂತ ನಾವು ಅಂದುಕೊಳ್ಳುತ್ತೇವೆ ಅಲ್ವಾ? ಅವರು ಬರೆದದ್ದು ಹಾಗಲ್ಲ. ಆ ಯೋಚನೆ ಸನ್ಯಾಸಿಯ ಹತ್ತಿರ ಬಂದು ಹೇಳುವುದು ಹೀಗೆ: ನೀನು ಹಿಡಿದ ಈ ವ್ರತ ಬಹಳ ದಿನ ನಡೆಯುವುದಿಲ್ಲ, ಹೊಟ್ಟೆ ಕೆಡುತ್ತದೆ, ಲಿವರ್ ಹೋಗುತ್ತದೆ, ಜಲೋದರ ಬರುತ್ತದೆ, ಹಾಸಿಗೆ ಹಿಡಿಯುತ್ತೀ, ಈ ಕಾಡಿನಂಥ ಜಾಗದಲ್ಲಿ ಬೇಕಾದ್ದು ಏನೂ ಸಿಗುವುದಿಲ್ಲ, ನೋಡಲು ವೈದ್ಯರೂ ಇಲ್ಲ. ಅಂದರೆ ಹೊಟ್ಟೆಬಾಕತನ ಬರುವುದು ಆಸೆಯ ವೇಷದಲ್ಲಲ್ಲ, ಆರೋಗ್ಯದ ಕಾಳಜಿಯ ವೇಷದಲ್ಲಿ. ಹದಿನಾರು ಶತಮಾನ ಹಳೆಯ ಮಾತು ಅನಿಸುತ್ತದಾ? ಬೂದಿ ಬುಧವಾರ ಬೆಳಿಗ್ಗೆ ನಮ್ಮ ಕುಟುಂಬದ ವಾಟ್ಸ್ಆ್ಯಪ್ ಗುಂಪಿನಲ್ಲಿ ಬಂದ ಮೆಸೇಜುಗಳೂ ಇವೇ. ಪ್ರೋಟೀನ್ ಕಮ್ಮಿ ಆಗುತ್ತೆ, ಬಿ12 ಕಮ್ಮಿ ಆಗುತ್ತೆ, ಗ್ಯಾಸ್ಟ್ರಿಕ್ ಆಗುತ್ತೆ, ತಲೆಸುತ್ತು ಬಂದರೆ ಏನು ಗತಿ. ವರ್ಷಕ್ಕೆ ಎರಡು ದಿನದ ಉಪವಾಸಕ್ಕೆ! ಸಕ್ಕರೆ ಕಾಯಿಲೆಯವರು, ಬಸುರಿಯರು, ಹಾಲೂಡಿಸುವವರು ಉಪವಾಸ ಮಾಡಬಾರದು, ಅದನ್ನು ಯಾವ ಫಾದರ್ ಕೂಡ ಹೇಳುತ್ತಾರೆ. ನಾನು ಹೇಳುತ್ತಿರುವುದು ಗಟ್ಟಿಮುಟ್ಟಾಗಿರುವ ನಮ್ಮಂಥವರ ವಿಷಯ.

ಪಾಪ, ಎವಾಗ್ರಿಯಸರಿಗೆ ಕೊನೆಗಾಲದಲ್ಲಿ ನಿಜವಾಗಿಯೂ ಹೊಟ್ಟೆ ಕೆಟ್ಟಿತು. ಅಲ್ಲಿಯವರೆಗೆ ಒಣರೊಟ್ಟಿ, ಉಪ್ಪು, ಚೂರು ಎಣ್ಣೆ ಬಿಟ್ಟರೆ ಹೆಚ್ಚೇನೂ ತಿನ್ನದಿದ್ದವರು ಆಮೇಲೆ ರೊಟ್ಟಿ ಬಿಟ್ಟು ಬೇಯಿಸಿದ ಸೊಪ್ಪು, ಕಾಳು, ಗಂಜಿ ಅಂತ ತಿಂದರು. ಹಟ ಹಿಡಿದು ಸಾಯಲಿಲ್ಲ. ನನಗೆ ಅವರ ಮೇಲೆ ಗೌರವ ಹೆಚ್ಚಾದದ್ದು ಇದನ್ನು ಓದಿದ ಮೇಲೆಯೇ, ಮರುಭೂಮಿಯ ಸನ್ಯಾಸಿಯೂ ಕೊನೆಗೆ ಗಂಜಿಗೇ ಬಂದರಲ್ಲ ಅಂತ ಮಂಗಳೂರು ಕಡೆಯವಳಾಗಿ ಒಂಥರಾ ಹೆಮ್ಮೆಯೂ ಆಯಿತು.

ಅವರು ಹೇಳಿದ ಇನ್ನೊಂದು ಮಾತು ದಿನನಿತ್ಯಕ್ಕೆ ಉಪಯೋಗಕ್ಕೆ ಬರುವಂಥದ್ದು. ಯೋಚನೆ ಬರುವುದು ಬಿಡುವುದು ನಮ್ಮ ಕೈಲಿಲ್ಲ. ಬಂದದ್ದಕ್ಕೆ ಮಣೆ ಹಾಕಿ ಕೂರಿಸುವುದು ಬಿಡುವುದು ನಮ್ಮ ಕೈಲಿದೆ. (ಮಣೆ ನನ್ನದು, ಮಾತು ಅವರದು.) ಯಾವ ಯೋಚನೆ ಯಾವ ಹೊತ್ತಿಗೆ ಬರುತ್ತದೆ, ಯಾವುದರ ಹಿಂದೆ ಯಾವುದು ಬರುತ್ತದೆ ಅಂತ ಗಮನ ಇಡಿ, ಬಂದಾಗ ಬೈಬಲಿನ ಒಂದು ವಾಕ್ಯ ಹಿಡಿದು ಅದಕ್ಕೆ ಎದುರು ಮಾತಾಡಿ ಅಂತಾರೆ. ಸೈತಾನ ಕಲ್ಲನ್ನು ರೊಟ್ಟಿ ಮಾಡು ಅಂದಾಗ ಯೇಸು ಮಾಡಿದ್ದೂ ಅದನ್ನೇ, ಧರ್ಮಗ್ರಂಥದ ಒಂದು ಸಾಲು ಹೇಳಿ ಬಾಯಿ ಮುಚ್ಚಿಸಿದರು. ವಾದ ಮಾಡುತ್ತಾ ಕೂರಲಿಲ್ಲ.

ಈಗ ಅಡುಗೆಮನೆಗೆ ಬರುತ್ತೇನೆ. ಮನೆ ನಡೆಸುವ ಹೆಂಗಸಿನ ತಲೆ ತಿನ್ನುವ ದೊಡ್ಡ ಯೋಚನೆ ಕಾಮವೂ ಅಲ್ಲ ಅಹಂಕಾರವೂ ಅಲ್ಲ, 'ನಾಳೆ ಏನು ಅಡುಗೆ' ಅನ್ನುವುದು. ಅದರ ಬೆನ್ನಿಗೇ ಬೇರೆಯವು ಬರುತ್ತವೆ. ನಾದಿನಿ ಮನೆಯಲ್ಲಿ ಏನು ಮಾಡಿದ್ದರು, ನಾವು ಅಷ್ಟೂ ಮಾಡಬೇಡವಾ, ಯಾಕೆ ಎಲ್ಲ ನನ್ನ ತಲೆಗೇ, ಇವರಿಗೆ ಸ್ವಲ್ಪವಾದರೂ ಗೊತ್ತಾಗುತ್ತಾ. ಹೊಟ್ಟೆಯಿಂದ ಹೊಟ್ಟೆಕಿಚ್ಚಿಗೆ, ಅಲ್ಲಿಂದ ಸಿಟ್ಟಿಗೆ ಹೋಗಲು ಐದು ನಿಮಿಷ ಸಾಕು. ಇದಕ್ಕೆ ನಾನು ಕಂಡುಕೊಂಡ ಮದ್ದು ತುಂಬ ಸಾದಾ. ತಪಸ್ಸುಕಾಲ ಮುಗಿಯುವ ತನಕ ವಾರದ ಯಾವ ದಿನ ಏನು ಅಂತ ಗೊತ್ತು ಮಾಡಿಬಿಡುವುದು, ಅಗ್ಗದ್ದೇ ಮಾಡುವುದು, ಅದನ್ನು ಬದಲಾಯಿಸದೇ ಇರುವುದು. ಗಂಜಿ, ಹೆಸರುಕಾಳು. ಬಸಳೆ. ತೋಟದಲ್ಲಿ ಗುಜ್ಜೆ (ಎಳೆ ಹಲಸು) ಬಿಟ್ಟಿದ್ದರೆ ಗುಜ್ಜೆ, ಬಾಳೆ ಕಡಿದಿದ್ದರೆ ದಿಂಡು. ಸೌತೆ ತಂದರೆ ಹೋಳು ಸಾಂಬಾರಿಗೆ, ಸಿಪ್ಪೆ ಚಟ್ನಿಗೆ, ತಿರುಳು ರುಬ್ಬಿ ದೋಸೆ ಹಿಟ್ಟಿಗೆ. ಬುಧವಾರ ಹುರುಳಿ.

ಹುರುಳಿಯ ವಿಷಯ ಸ್ವಲ್ಪ ವಿವರವಾಗಿ ಹೇಳಲೇಬೇಕು, ನಿಮ್ಮ ಪುಟದಲ್ಲಿ ನಾನು ಇದನ್ನು ಕಂಡೇ ಇಲ್ಲ. ರಾತ್ರಿ ಒಂದು ಪಾವು ಹುರುಳಿ ಆರಿಸಿ ನೆನೆ ಹಾಕಿ. ಆರಿಸುವುದನ್ನು ತಪ್ಪಿಸಬೇಡಿ, ಹುರುಳಿಯಲ್ಲಿ ಕಲ್ಲು ಇದ್ದೇ ಇರುತ್ತದೆ. ಬೆಳಿಗ್ಗೆ ನೀರು ಜಾಸ್ತಿಯೇ ಇಟ್ಟು ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿ, ಬೆಂದ ನೀರನ್ನು ಬಸಿದುಕೊಳ್ಳಿ. ಆ ಕಂದು ಬಣ್ಣದ ಕಟ್ಟಿಗೆ ಉಪ್ಪು, ಎರಡು ಪುನರ್ಪುಳಿ (ಕೋಕಂ) ಸಿಪ್ಪೆ, ಚೂರು ಬೆಲ್ಲ ಹಾಕಿ ಕುದಿಸಿ. ತೆಂಗಿನೆಣ್ಣೆಯಲ್ಲಿ ಜಜ್ಜಿದ ಬೆಳ್ಳುಳ್ಳಿಯನ್ನು ಸಣ್ಣ ಉರಿಯಲ್ಲಿ ಕೆಂಪಗಾಗಿಸಿ, ಒಣಮೆಣಸು ಕರಿಬೇವು ಸೇರಿಸಿ ಒಗ್ಗರಣೆ ಕೊಟ್ಟರೆ ಸಾರು ಆಯಿತು. ಉಳಿದ ಕಾಳಿಗೆ ಈರುಳ್ಳಿ, ಮೆಣಸಿನ ಪುಡಿ, ಒಂದು ಹಿಡಿ ತೆಂಗಿನತುರಿ ಹಾಕಿ ಬಾಡಿಸಿದರೆ ಸುಕ್ಕೆ. ರಾತ್ರಿಗೆ ಕಾಳು ಮಿಕ್ಕಿದರೆ ಎರಡು ಸೌಟು ರುಬ್ಬಿ ಅದೇ ಸಾರಿಗೆ ಸೇರಿಸಿ, ದಪ್ಪಗಾಗುತ್ತದೆ, ಮಕ್ಕಳು ಹೊಸ ಪದಾರ್ಥ ಅಂದುಕೊಂಡು ಉಣ್ಣುತ್ತಾರೆ. ಕುಚ್ಚಲಕ್ಕಿಯನ್ನು ಒಂದು ಜೋರು ಕುದಿ ಬರಿಸಿ, ಪಾತ್ರೆಗೆ ದಪ್ಪ ಬಟ್ಟೆ ಸುತ್ತಿ ಮುಚ್ಚಿ ಇಟ್ಟರೆ ಅರ್ಧ ಪಾಲು ತನ್ನಷ್ಟಕ್ಕೆ ಬೇಯುತ್ತದೆ, ಗ್ಯಾಸೂ ಉಳಿಯಿತು. ಇನ್ನು ಆ ಬೆಳ್ಳುಳ್ಳಿ ಕೆಂಪಗಾಗುವಷ್ಟು ಹೊತ್ತಿನಲ್ಲಿ 'ಸ್ವರ್ಗದಲ್ಲಿರುವ ನಮ್ಮ ತಂದೆಯೇ' ಪ್ರಾರ್ಥನೆ ಆರಾಮಾಗಿ ಒಂದು ಸಲ ಮುಗಿಯುತ್ತದೆ. ಅದರಲ್ಲೂ ಕೇಳುವುದು ಇವತ್ತಿನ ಊಟವನ್ನು ಮಾತ್ರ, ನೋಡಿ. ಫ್ರಿಜ್ ತುಂಬಿಸಿಕೊಡು ಅಂತ ಇಲ್ಲ.

ಇದನ್ನು ಓದಿ ಯಾರಾದರೂ 'ಅಡುಗೆ ಮಾಡುತ್ತಾ ಪ್ರಾರ್ಥನೆಯಾ' ಅಂತ ನಕ್ಕರೆ ಅವರಿಗೆ ಬ್ರದರ್ ಲಾರೆನ್ಸ್ ಅವರನ್ನು ತೋರಿಸುತ್ತೇನೆ. 17ನೇ ಶತಮಾನದ ಪ್ಯಾರಿಸ್‌ನಲ್ಲಿ ಕಾರ್ಮೆಲ್ ಮಠದ ಅಡುಗೆಭಟ್ಟರು. ಸೈನಿಕರಾಗಿದ್ದವರು, ಕಾಲಿಗೆ ಪೆಟ್ಟು ಬಿದ್ದಿತ್ತು, ಅಡುಗೆ ಕೆಲಸವೆಂದರೆ ಸ್ವಭಾವತಃ ಅವರಿಗೆ ಆಗುತ್ತಲೇ ಇರಲಿಲ್ಲ. ವರ್ಷಗಟ್ಟಲೆ ಅದನ್ನೇ ಮಾಡಿದರು, ಬಾಣಲೆಯಲ್ಲಿ ಆಮ್ಲೆಟ್ ತಿರುವುವಾಗಲೂ ದೇವರ ಮೇಲಿನ ಪ್ರೀತಿಗೇ ತಿರುವುತ್ತೇನೆ ಅಂದರು. ಗಂಡಸು ಒಬ್ಬರು ಹೇಳಿದ್ದಾರೆ ಅನ್ನುವುದು ನನಗೆ ಇನ್ನೂ ಸಮಾಧಾನದ ವಿಷಯ.

ಯಾಕೆಂದರೆ ನಮ್ಮ ಮನೆಗಳಲ್ಲಿ ಗಂಡಸರು ಉಪವಾಸ ಹಿಡಿದರೆ ಅಡುಗೆ ಮೂರು ಬಗೆ. ಅವರಿಗೆ ಮಾಂಸ ಇಲ್ಲದ್ದು, 'ಆದರೂ ಏನಾದರೂ ರುಚಿಯಾಗಿ' ಬೇಕು. ಮಕ್ಕಳಿಗೆ ಮಾಮೂಲಿನದು. ಅತ್ತೆಗೆ ಖಾರ ಇಲ್ಲದ್ದು. ಪುಣ್ಯ ಯಜಮಾನರಿಗೆ, ಒಲೆಯ ಮುಂದೆ ನಿಲ್ಲುವುದು ಇನ್ನೊಬ್ಬಳು. ಮನೆಗೆಲ್ಲ ಒಂದೇ ಪದಾರ್ಥ ಅಂತ ಆಗದ ಹೊರತು ಅದನ್ನು ಆ ಮನೆಯ ಉಪವಾಸ ಅನ್ನಲು ನಾನು ತಯಾರಿಲ್ಲ. ಲೂಕನ ಶುಭಸಂದೇಶದಲ್ಲಿ ಮಾರ್ಥಾ ಬಡಿಸುವ ಗಡಿಬಿಡಿಯಲ್ಲಿ ತಂಗಿಯ ಮೇಲೆ ದೂರು ಹೇಳುತ್ತಾಳಲ್ಲ, ಆಗ ಯೇಸು, ನೀನು ಎಷ್ಟೊಂದು ವಿಷಯ ತಲೆಗೆ ಹಚ್ಚಿಕೊಂಡಿದ್ದೀ, ಬೇಕಾಗಿರುವುದು ಒಂದೇ ಅನ್ನುತ್ತಾರೆ. ದೊಡ್ಡವರು ಇದಕ್ಕೆ ದೊಡ್ಡ ಅರ್ಥ ಹೇಳುತ್ತಾರೆ, ಹೇಳಲಿ. ನನಗಂತೂ ಅದು 'ಒಂದು ಪದಾರ್ಥ ಸಾಕು ಮಾರ್ಥಾ, ಬಂದು ಕೂತುಕೋ' ಅಂದ ಹಾಗೇ ಕೇಳಿಸುವುದು.

ಫೋನಿನ ಬಗ್ಗೆ ಹೇಳದೆ ಇದ್ದರೆ ಆಗುವುದಿಲ್ಲ. ಇವತ್ತಿನ ದಿನ ಯೋಚನೆಗಳು ತಾವಾಗಿ ಬರುವುದಕ್ಕಿಂತ ನಾವೇ ಕರೆದು ತರಿಸಿಕೊಳ್ಳುವುದು ಜಾಸ್ತಿ. ಎರಡು ತುತ್ತು ಗಂಜಿ ಉಂಡು ಎದ್ದು, ಹಾಸಿಗೆಯಲ್ಲಿ ಬಿದ್ದುಕೊಂಡು ಸುಮ್ನೆ ಬಿರಿಯಾನಿ ದಮ್ ಬಿಚ್ಚುವ ರೀಲ್ಸ್ ನೋಡುತ್ತಿದ್ದರೆ ಗಂಜಿ ಉಂಡು ಏನು ಬಂತು? ಸಂತ ಪೌಲರು ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ ಯಾವುದು ಸತ್ಯ, ಯಾವುದು ಶುದ್ಧ, ಯಾವುದು ಮೆಚ್ಚುವಂಥದ್ದು ಅದರ ಮೇಲೆ ಮನಸ್ಸಿಡಿ ಅಂತ ಹೇಳಿದ್ದಾರೆ. ಅದು ಜೈಲಿನಲ್ಲಿ ಕೂತು ಬರೆದ ಪತ್ರ, ಅಲ್ಲಿ ಅವರಿಗೆ ಏನು ಬಡಿಸುತ್ತಿದ್ದರೋ. ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಫೋನುಗಳು ಅಕ್ಕಿ ಡಬ್ಬದ ಮೇಲೆ ಇರುತ್ತವೆ. ಮಗ ಗೊಣಗುತ್ತಾನೆ, ಗೊಣಗಲಿ.

ಇನ್ನು ದುಡ್ಡು. ಸಾದಾ ಅಡುಗೆ ಮಾಡಿ ಉಳಿಸಿದ್ದನ್ನು ಈಸ್ಟರ್ ದಿನ ಎರಡು ಪಾಲು ಖರ್ಚು ಮಾಡಿದರೆ ಅದು ತಪಸ್ಸಲ್ಲ, ಚೀಟಿ ಕಟ್ಟಿದ ಹಾಗಾಯಿತು. ಪ್ರವಾದಿ ಯೆಶಾಯ 58ನೇ ಅಧ್ಯಾಯದಲ್ಲಿ ದೇವರಿಗೆ ಬೇಕಾದ ಉಪವಾಸ ಯಾವುದು ಅಂತ ಹೇಳುವಾಗ ನಿನ್ನ ರೊಟ್ಟಿಯನ್ನು ಹಸಿದವನ ಜೊತೆ ಹಂಚಿಕೋ ಅನ್ನುತ್ತಾರೆ, ಹಸಿವಿನಿಂದ ಒದ್ದಾಡು ಅನ್ನುವುದಿಲ್ಲ. ಇದನ್ನು ಲೆಕ್ಕ ಇಟ್ಟು ಮಾಡಿ ತೋರಿಸಿದವರು ಮಿಜೋರಾಂನ ಕ್ರೈಸ್ತ ಹೆಂಗಸರು. ಅನ್ನಕ್ಕಿಡುವಾಗೆಲ್ಲ ಒಂದು ಹಿಡಿ ಅಕ್ಕಿ ಬೇರೆ ಪಾತ್ರೆಗೆ ಹಾಕಿಡುತ್ತಾರೆ, ಅದನ್ನು ಒಟ್ಟು ಮಾಡಿ ಮಾರಿ ಬಂದ ದುಡ್ಡು ಚರ್ಚಿನ ಕೆಲಸಕ್ಕೆ. ಬುಹ್‌ಫೈ ಥಾಮ್ ಅಂತ ಅದಕ್ಕೆ ಹೆಸರು, 1910ರಿಂದ ನಡೆದು ಬಂದಿದೆ, ಈಗ ವರ್ಷಕ್ಕೆ ಕೋಟಿಗಟ್ಟಲೆ ಆಗುತ್ತದೆ. ಅಲ್ಲಿ ಯಾರೂ ಒಂದೇ ಸಲ ದೊಡ್ಡ ಮೊತ್ತ ಕೊಟ್ಟದ್ದಲ್ಲ. ನಮ್ಮ ಇಗರ್ಜಿಗಳಲ್ಲೂ ತಪಸ್ಸುಕಾಲದಲ್ಲಿ ಕಾಣಿಕೆ ಕವರು ಕೊಡುತ್ತಾರೆ, ನಾವು ಕೊನೆಯ ಭಾನುವಾರ ಪರ್ಸು ತಡಕಾಡಿ ಚಿಲ್ಲರೆ ನೋಟು ಹಾಕುತ್ತೇವೆ. ಅಂಜಲ್ ಮೀನಿಗೂ ಹುರುಳಿಗೂ ಇರುವ ಬೆಲೆಯ ವ್ಯತ್ಯಾಸವನ್ನು ಆಯಾ ಶುಕ್ರವಾರವೇ ಆ ಕವರಿಗೆ ಹಾಕಿದರೆ ಎಷ್ಟಾಗುತ್ತದೆ ಅಂತ ಯಾರಾದರೂ ನೋಡಿ.

ಅನ್ನ ಬಿಸಾಡುವುದೂ ಇದೇ ಲೆಕ್ಕಕ್ಕೆ. ಐದು ರೊಟ್ಟಿ ಎರಡು ಮೀನಿನಲ್ಲಿ ಐದು ಸಾವಿರ ಜನ ಉಂಡ ಕಥೆ ಎಲ್ಲರಿಗೂ ಗೊತ್ತು. ಆ ಪವಾಡ ಆದ ಮೇಲೆ ಯೇಸು ಮಾಡಿಸಿದ ಮೊದಲ ಕೆಲಸ ಮಿಕ್ಕ ಚೂರುಗಳನ್ನು ಹೆಕ್ಕಿಸಿದ್ದು, ಏನೂ ಹಾಳಾಗಬಾರದು ಅಂತ. ಹನ್ನೆರಡು ಬುಟ್ಟಿ ತುಂಬಿತು. ಎಷ್ಟು ಬೇಕಾದರೂ ಹುಟ್ಟಿಸಬಲ್ಲವರಿಗೆ ಚೂರಿನ ಚಿಂತೆ! ನಮ್ಮ ಮದುವೆ ಹಾಲ್‌ಗಳ ಹಿಂದೆ ಹೋಗಿ ನೋಡಿದರೆ ಬುಟ್ಟಿಗಳ ಲೆಕ್ಕ ಹನ್ನೆರಡಕ್ಕೆ ನಿಲ್ಲುವುದಿಲ್ಲ.

ಒಂದು ಮಾತು ಮಾತ್ರ ಸ್ಪಷ್ಟ ಇರಲಿ. ಇದೆಲ್ಲ ಹೊಟ್ಟೆ ತುಂಬಿದವರಿಗೆ ಹೇಳಿದ್ದು. ಅನ್ನಭಾಗ್ಯದ ಅಕ್ಕಿಯಲ್ಲಿ ತಿಂಗಳು ದಾಟಿಸುವವರಿಗೆ ಹುರುಳಿ ಸಾರು ತಪಸ್ಸಲ್ಲ, ಅದು ಅವರ ಮಾಮೂಲಿ ಬುಧವಾರ. ಅಂಥವರಿಗೆ ಹೋಗಿ ಸರಳ ಜೀವನದ ಪ್ರವಚನ ಕೊಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಬೈಬಲಿನಲ್ಲಿ ಬರಗಾಲದ ಹೊತ್ತಿಗೆ ಸಾರೆಪ್ತಾ ಊರಿನ ವಿಧವೆಯ ಹತ್ತಿರ ಒಂದು ಹಿಡಿ ಹಿಟ್ಟು, ತಳದಲ್ಲಿ ಚೂರು ಎಣ್ಣೆ ಉಳಿದಿತ್ತು, ಇದನ್ನು ಸುಟ್ಟು ನಾನೂ ಮಗನೂ ತಿಂದು ಸಾಯುತ್ತೇವೆ ಅಂದಳು. ಅವಳ ಹತ್ತಿರ ಬಂದ ಪ್ರವಾದಿ ಎಲೀಯ ಅವಳಿಗೆ ಉಪವಾಸ ಹೇಳಲಿಲ್ಲ, ಮಡಕೆಯ ಹಿಟ್ಟು ತೀರುವುದಿಲ್ಲ, ಹೆದರಬೇಡ ಅಂದ. ಅವಳಿಗೆ ಬೇಕಾಗಿದ್ದದ್ದು ಆ ಮಾತು.

ನಿಮ್ಮಲ್ಲಿ ಕೇಳುವುದು ಇಷ್ಟೇ. ಈಸ್ಟರ್‌ಗೆ ಇನ್ನೂ ಕೆಲವು ವಾರ ಇದೆ. ಅಡುಗೆ ಪುಟದಲ್ಲಿ ಪನೀರು ಕ್ರೀಮು ಇಲ್ಲದ, ದಿನಸಿ ಅಂಗಡಿಯಲ್ಲೇ ಎಲ್ಲ ಸಿಗುವ, ಒಂದೇ ಪಾತ್ರೆಯಲ್ಲಿ ಆಗುವ ಅಡುಗೆಗಳನ್ನು ಹಾಕಿ, ಪ್ರತಿಯೊಂದಕ್ಕೂ ನಾಲ್ಕು ಜನಕ್ಕೆ ಎಷ್ಟು ಖರ್ಚು ಬಿತ್ತು ಅಂತ ಕೆಳಗೆ ಬರೆಯಿರಿ. ಬರೀ ನಮ್ಮವರದ್ದೇ ಬೇಡ. ಹುಬ್ಬಳ್ಳಿ ಧಾರವಾಡದ ಸಭೆಗಳಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ ಉಣ್ಣುವ ಕ್ರೈಸ್ತರಿದ್ದಾರೆ, ಕೊಳ್ಳೇಗಾಲದ ಕಡೆ ರಾಗಿ ಮುದ್ದೆ ಉಣ್ಣುವವರಿದ್ದಾರೆ, ಅವರನ್ನೂ ಕೇಳಿ. ನನ್ನ ಅತ್ತೆ ಕಲಿಸಿದ ಹಲಸಿನ ಬೀಜದ ಸುಕ್ಕೆ, ಬಾಳೆಹೂವಿನ ಚಟ್ನಿ, ಸೌತೆ ತಿರುಳಿನ ದೋಸೆ ಬರೆದು ಕಳಿಸುತ್ತೇನೆ, ಹಾಕುತ್ತೀರಾದರೆ. ಫೋಟೋ ಮಾತ್ರ ಕೇಳಬೇಡಿ, ಹುರುಳಿ ಸಾರು ಯಾವ ಕ್ಯಾಮೆರಾದಲ್ಲೂ ಚೆಂದ ಕಾಣುವುದಿಲ್ಲ.

ಇಂತಿ,
ನಿಮ್ಮ ಹಳೆಯ ಓದುಗರಲ್ಲೊಬ್ಬಳು
ಬಂಟ್ವಾಳ